ಹೋಮ್ ಥಿಯೇಟರ್ ರಿಸೀವರ್‌ನ ಆಂಪ್ಲಿಫೈಯರ್ ಶಕ್ತಿ ಮತ್ತು ನಿರ್ಮಾಣದ ಗುಣಮಟ್ಟ: ಪದೇ ಪದೇ ಕೇಳುವ ಪ್ರಶ್ನೆಗಳು

ರಿಸೀವರ್, ಅಂದರೆ ಚಿತ್ರದ ಧ್ವನಿಯನ್ನು ಹಿಗ್ಗಿಸಿ ಹಲವು ಸ್ಪೀಕರ್‌ಗಳಿಗೆ ಹಂಚುವ ಸಾಧನವನ್ನು ಕೊಳ್ಳಲು ಹೊರಟವರು ಮೊದಲು ನೋಡುವುದು ಪೆಟ್ಟಿಗೆಯ ಮೇಲಿನ ವ್ಯಾಟ್ ಅಂಕಿಯನ್ನು. ಆ ಅಂಕಿಯ ಕೆಳಗೆ ಸಣ್ಣಕ್ಷರದಲ್ಲಿ ಮುದ್ರಿಸಿದ ಷರತ್ತುಗಳನ್ನು ನೋಡುವುದು ಕೊನೆಗೆ, ಅದೂ ನೋಡಿದರೆ. ಕೆಳಗಿನ ಉತ್ತರಗಳನ್ನು ಬರೆದದ್ದು ಈ ಕ್ರಮವನ್ನು ತಿರುಗಿಸುವ ಉದ್ದೇಶದಿಂದ.

ಪೆಟ್ಟಿಗೆಯ ಮೇಲೆ ‘ಪ್ರತಿ ಚಾನೆಲ್‌ಗೆ 140 ವ್ಯಾಟ್’ ಎಂದಿದೆ. ಏಳೂ ಸ್ಪೀಕರ್‌ಗಳಿಗೆ ತಲಾ 140 ವ್ಯಾಟ್ ಸಿಗುತ್ತದೆಯೇ?

ಸಿಗುವುದಿಲ್ಲ. ಹಾಗೆಂದು ತಯಾರಕರು ಅಪ್ಪಟ ಸುಳ್ಳು ಹೇಳಿದ್ದಾರೆ ಎಂದೂ ಅಲ್ಲ. ವ್ಯಾಟ್ ಅಂಕಿಗೆ ಯಾವಾಗಲೂ ನಾಲ್ಕು ಷರತ್ತುಗಳು ಅಂಟಿಕೊಂಡಿರುತ್ತವೆ: ಅಳೆಯುವಾಗ ಎಷ್ಟು ಚಾನೆಲ್‌ಗಳು (ಒಂದೊಂದು ಸ್ಪೀಕರ್‌ಗೆ ಹೋಗುವ ಧ್ವನಿಯ ದಾರಿಗಳು) ಒಟ್ಟಿಗೆ ದುಡಿಯುತ್ತಿದ್ದವು, ಎಷ್ಟು ಓಮ್‌ನ (ವಿದ್ಯುತ್ತಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಹೊರೆಯನ್ನು ಜೋಡಿಸಲಾಗಿತ್ತು, ಯಾವ ಆವರ್ತನಗಳಲ್ಲಿ ಅಳೆಯಲಾಯಿತು, ಮತ್ತು ಎಷ್ಟು ವಿಕೃತಿಯವರೆಗೆ (ಮೂಲ ಧ್ವನಿ ರೂಪಗೆಡುವ ಪ್ರಮಾಣ) ಸಹಿಸಿಕೊಳ್ಳಲಾಯಿತು. 140 ಎಂಬ ದೊಡ್ಡ ಅಂಕಿ ಸಾಮಾನ್ಯವಾಗಿ ಒಂದೇ ಚಾನೆಲ್, 6 ಓಮ್, 1 ಕಿಲೋಹರ್ಟ್ಸ್, ಶೇ 10 ವಿಕೃತಿ ಎಂಬ ಅತಿ ಉದಾರ ಷರತ್ತಿನಲ್ಲಿ ಹುಟ್ಟಿದ್ದು. ಶೇ 10 ವಿಕೃತಿ ಎಂದರೆ ತರಂಗದ ತಲೆ ಕತ್ತರಿಸಿಹೋಗಿ, ಸಂಭಾಷಣೆಯಲ್ಲೂ ಒರಟುತನ ಕಿವಿಗೆ ರಾಚುವ ಸ್ಥಿತಿ. ಅಂಥ ಸ್ಥಿತಿಯಲ್ಲಿ ಯಾರೂ ಚಿತ್ರ ನೋಡುವುದಿಲ್ಲ. ಅದೇ ರಿಸೀವರನ್ನು ಎರಡು ಚಾನೆಲ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಶೇ 0.1ಕ್ಕಿಂತ ಕಡಿಮೆ ವಿಕೃತಿ ಎಂಬ ಕಟ್ಟುನಿಟ್ಟಿನಲ್ಲಿ ಅಳೆದರೆ ಅಂಕಿ 75ರಿಂದ 95ರ ಆಸುಪಾಸಿಗೆ ಇಳಿಯುವುದು ಸಾಮಾನ್ಯ. ಕೈಪಿಡಿಯ ಕೊನೆಯ ಪುಟಗಳಲ್ಲಿ ಎರಡೂ ಅಂಕಿಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಹೋಲಿಕೆಗೆ ಯಾವಾಗಲೂ ಚಿಕ್ಕದನ್ನೇ ತೆಗೆದುಕೊಳ್ಳಿ.

ಈ ಗೊಂದಲ ಹೊಸದಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆಂಪ್ಲಿಫೈಯರ್ ಶಕ್ತಿಯನ್ನು ಹೇಗೆ ಅಳೆದು ಜಾಹೀರುಪಡಿಸಬೇಕೆಂಬ ನಿಯಮವನ್ನು 1974ರಲ್ಲೇ ತಂದಿತ್ತು. ಆದರೆ ಹೊರೆ, ಆವರ್ತನದ ವ್ಯಾಪ್ತಿ, ವಿಕೃತಿಯ ಮಿತಿ ಇವನ್ನು ತಯಾರಕರೇ ಆರಿಸಿಕೊಳ್ಳಲು ಅದರಲ್ಲಿ ಎಡೆಯಿತ್ತು. 2024ರ ತಿದ್ದುಪಡಿ 8 ಓಮ್, 20 ಹರ್ಟ್ಸ್–20 ಕಿಲೋಹರ್ಟ್ಸ್, ಶೇ 1ಕ್ಕಿಂತ ಕಡಿಮೆ ವಿಕೃತಿ ಎಂದು ಆ ಎಡೆಯನ್ನು ಮುಚ್ಚಿತು. ಇನ್ನು ‘ಪಿಎಂಪಿಒ’ (ಪೀಕ್ ಮ್ಯೂಸಿಕ್ ಪವರ್ ಔಟ್‌ಪುಟ್) ಎಂಬ ಅಂಕಿ ಎಲ್ಲಾದರೂ ಕಂಡರೆ ಮುಂದೆ ಓದುವ ಶ್ರಮವೇ ಬೇಡ. ಅದನ್ನು ಅಳೆಯಲು ಒಪ್ಪಿತವಾದ ವಿಧಾನವೇ ಇಲ್ಲ.

ಎಲ್ಲ ಚಾನೆಲ್‌ಗಳನ್ನೂ ಒಟ್ಟಿಗೆ ದುಡಿಸಿದರೆ ಶಕ್ತಿ ಏಕೆ ಕುಸಿಯುತ್ತದೆ?

ರಿಸೀವರ್‌ನೊಳಗೆ ಏಳು, ಒಂಬತ್ತು ಅಥವಾ ಹನ್ನೊಂದು ಆಂಪ್ಲಿಫೈಯರ್‌ಗಳಿದ್ದರೂ ಅವೆಲ್ಲ ನೀರು ಸೇದುವುದು ಒಂದೇ ಬಾವಿಯಿಂದ, ಅಂದರೆ ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ. ಎರಡು ಚಾನೆಲ್‌ಗಳು ದುಡಿಯುವಾಗ ತಲಾ 100 ವ್ಯಾಟ್ ಕೊಡುವ ಮಧ್ಯಮ ದರ್ಜೆಯ ರಿಸೀವರ್, ಏಳೂ ಚಾನೆಲ್‌ಗಳಿಗೆ ಏಕಕಾಲಕ್ಕೆ ನಿರಂತರ ಪರೀಕ್ಷಾ ಸ್ವರವನ್ನು ಊಡಿದಾಗ 50–60 ವ್ಯಾಟ್‌ಗೆ ಇಳಿದರೆ ಆಶ್ಚರ್ಯಪಡಬೇಕಿಲ್ಲ. ಕೆಲವು ಮಾದರಿಗಳಲ್ಲಿ ರಕ್ಷಣಾ ಮಂಡಲವೇ ಮಧ್ಯೆ ಪ್ರವೇಶಿಸಿ ಶಕ್ತಿಯನ್ನು ಬೇಕೆಂದೇ ಇನ್ನೂ ಕೆಳಗೆ ಹಿಡಿದಿಡುತ್ತದೆ.

ಆದರೆ ಈ ಪರೀಕ್ಷೆಯನ್ನೇ ಅಂತಿಮ ತೀರ್ಪೆಂದು ಭಾವಿಸುವವರ ಜೊತೆ ನನಗೆ ಸಹಮತವಿಲ್ಲ. ಚಿತ್ರದ ಧ್ವನಿಪಥದಲ್ಲಿ ಎಲ್ಲ ಚಾನೆಲ್‌ಗಳೂ ಒಂದೇ ಕ್ಷಣದಲ್ಲಿ ತಮ್ಮ ಗರಿಷ್ಠ ಮಟ್ಟವನ್ನು ಮುಟ್ಟುವ ಸನ್ನಿವೇಶ ಬಲು ಅಪರೂಪ. ಬಹುಪಾಲು ಭಾರವನ್ನು ನಡುವಿನ ಸ್ಪೀಕರ್ ಮತ್ತು ಮುಂದಿನ ಎರಡು ಸ್ಪೀಕರ್‌ಗಳು ಹೊರುತ್ತವೆ, ಛಾವಣಿಯ ಸ್ಪೀಕರ್‌ಗಳು ಹೆಚ್ಚಿನ ಹೊತ್ತು ಸುಮ್ಮನೆ ಕುಳಿತಿರುತ್ತವೆ. ಜೊತೆಗೆ 80 ಹರ್ಟ್ಸ್‌ಗಿಂತ ಕೆಳಗಿನ ಭಾಗವನ್ನು ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರ್‌ಗೆ ಕಳುಹಿಸಿದ್ದರೆ, ಅತ್ಯಂತ ದುಬಾರಿ ಕೆಲಸ ರಿಸೀವರ್‌ನ ತಲೆಯಿಂದ ಮೊದಲೇ ಇಳಿದಿರುತ್ತದೆ. ಹಾಗಾಗಿ ಈ ಅಂಕಿಯನ್ನು ಪವರ್ ಸಪ್ಲೈ ಎಷ್ಟು ಗಟ್ಟಿ ಎಂಬುದರ ಸುಳಿವಾಗಿ ನೋಡಬಹುದು, ಅಷ್ಟೇ.

ನಿಜಕ್ಕೂ ನನಗೆ ಎಷ್ಟು ವ್ಯಾಟ್ ಬೇಕು?

ಇದನ್ನು ಲೆಕ್ಕ ಹಾಕಿಯೇ ತಿಳಿಯಬಹುದು, ಮತ್ತು ಒಮ್ಮೆ ಹಾಕಿದರೆ ಅನೇಕ ಭ್ರಮೆಗಳು ಕಳಚುತ್ತವೆ. ಬೇಕಾದ ಸಂಗತಿಗಳು ಮೂರು: ಸ್ಪೀಕರ್‌ನ ಸಂವೇದನೆ (ಕೊಟ್ಟ ಶಕ್ತಿಗೆ ಅದು ಎಷ್ಟು ಶಬ್ದ ಹೊರಡಿಸುತ್ತದೆ ಎಂಬುದು), ನೀವು ಕೂರುವ ದೂರ, ನೀವು ಕೇಳುವ ಮಟ್ಟ.

ಸ್ಪೀಕರ್‌ನ ಸಂವೇದನೆ 1 ಮೀಟರ್ ದೂರದಲ್ಲಿ 1 ವ್ಯಾಟ್‌ಗೆ 87 ಡೆಸಿಬೆಲ್ ಎಂದಿರಲಿ, ನೀವು 3 ಮೀಟರ್ ದೂರದಲ್ಲಿ ಕೂರುತ್ತೀರಿ ಎಂದಿರಲಿ. ಬಯಲಿನಲ್ಲಾದರೆ ಆ ದೂರಕ್ಕೆ ಸುಮಾರು 9.5 ಡೆಸಿಬೆಲ್ ನಷ್ಟವಾಗುತ್ತದೆ. ಕೋಣೆಯ ಗೋಡೆಗಳ ಪ್ರತಿಫಲನದಿಂದ ಅದರಲ್ಲಿ 3 ಡೆಸಿಬೆಲ್‌ನಷ್ಟು ಹಿಂದಿರುಗುತ್ತದೆ ಎಂದು ಹಿಡಿಯೋಣ. ಅಂದರೆ 1 ವ್ಯಾಟ್‌ಗೆ ನಿಮ್ಮ ಕುರ್ಚಿಯ ಬಳಿ 80.5 ಡೆಸಿಬೆಲ್ ಸಿಗುತ್ತದೆ. ಚಿತ್ರಮಂದಿರದ ಉಲ್ಲೇಖ ಮಟ್ಟದಲ್ಲಿ (ಚಿತ್ರಮಂದಿರಗಳಿಗೆ ಗೊತ್ತುಪಡಿಸಿದ ಶಬ್ದಮಟ್ಟ) ಪ್ರತಿ ಮುಖ್ಯ ಚಾನೆಲ್‌ನ ಶಿಖರ 105 ಡೆಸಿಬೆಲ್. ಉಳಿದ 24.5 ಡೆಸಿಬೆಲ್‌ಗಳನ್ನು ಶಕ್ತಿಯಿಂದಲೇ ತುಂಬಬೇಕು, ಅದಕ್ಕೆ ಬೇಕಾಗುವುದು ಸುಮಾರು 280 ವ್ಯಾಟ್. ಯಾವ ಸಾಮಾನ್ಯ ರಿಸೀವರೂ ಇದನ್ನು ಕೊಡಲಾರದು.

ಇದನ್ನು ಓದಿ ಗಾಬರಿಯಾಗುವ ಮೊದಲು ಇನ್ನೊಂದು ಬದಿಯನ್ನೂ ನೋಡಿ. ಮನೆಯಲ್ಲಿ ಉಲ್ಲೇಖ ಮಟ್ಟದಲ್ಲಿ ಕೇಳುವವರು ತೀರಾ ಕಡಿಮೆ. ವಾಲ್ಯೂಮ್ ಅನ್ನು ಮೈನಸ್ 10ರಲ್ಲಿ, ಅಂದರೆ ಉಲ್ಲೇಖ ಮಟ್ಟಕ್ಕಿಂತ 10 ಡೆಸಿಬೆಲ್ ಕೆಳಗೆ, ಇಟ್ಟರೆ (ನನ್ನ ಕಿವಿಗೆ ಅದೇ ಜೋರು) ಶಿಖರ 95 ಡೆಸಿಬೆಲ್‌ಗೆ ಇಳಿಯುತ್ತದೆ, ಬೇಕಾಗುವ ಶಕ್ತಿ 28 ವ್ಯಾಟ್. ಸಂಭಾಷಣೆ ನಡೆಯುತ್ತಿರುವಾಗ ಆಂಪ್ಲಿಫೈಯರ್ ಒಂದು ವ್ಯಾಟ್‌ಗಿಂತಲೂ ಕಡಿಮೆ ಶಕ್ತಿಯಲ್ಲಿ ಹಾಯಾಗಿರುತ್ತದೆ. ಇನ್ನು ಅದೇ ಕೋಣೆಯಲ್ಲಿ 92 ಡೆಸಿಬೆಲ್ ಸಂವೇದನೆಯ ಸ್ಪೀಕರ್ ಇಟ್ಟರೆ ಪೂರ್ಣ ಉಲ್ಲೇಖ ಮಟ್ಟಕ್ಕೂ ಸುಮಾರು 90 ವ್ಯಾಟ್ ಸಾಕು. 280ರಿಂದ 90ಕ್ಕೆ ಇಳಿಸಿದ್ದು ಆಂಪ್ಲಿಫೈಯರ್ ಅಲ್ಲ, ಸ್ಪೀಕರ್‌ನ ಆಯ್ಕೆ.

ಇಲ್ಲಿ ಒಂದು ಗುಂಡಿ ಇದೆ, ನೋಡಿ ಹೆಜ್ಜೆ ಇಡಿ. ಅನೇಕ ತಯಾರಕರು ಸಂವೇದನೆಯನ್ನು 1 ವ್ಯಾಟ್‌ಗೆ ಹೇಳದೆ 2.83 ವೋಲ್ಟ್‌ಗೆ ಹೇಳುತ್ತಾರೆ. 8 ಓಮ್ ಸ್ಪೀಕರ್‌ಗೆ ಎರಡೂ ಒಂದೇ. 4 ಓಮ್ ಸ್ಪೀಕರ್‌ಗಾದರೆ 2.83 ವೋಲ್ಟ್ ಎಂದರೆ 2 ವ್ಯಾಟ್. ಆದ್ದರಿಂದ ಅದರ 90 ಡೆಸಿಬೆಲ್ ಎಂಬ ಅಂಕಿಯಿಂದ 3 ಕಳೆದು 87 ಎಂದೇ ಓದಿಕೊಳ್ಳಬೇಕು.

90 ವ್ಯಾಟ್‌ನ ಬದಲು 110 ವ್ಯಾಟ್‌ನ ಮಾದರಿ ಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆಯೇ?

ಗೊತ್ತಾಗುವುದಿಲ್ಲ. ಆ ವ್ಯತ್ಯಾಸ 0.9 ಡೆಸಿಬೆಲ್‌ನಷ್ಟು. ಶಕ್ತಿ ಇಮ್ಮಡಿಯಾದರೆ 3 ಡೆಸಿಬೆಲ್ ಹೆಚ್ಚುತ್ತದೆ. ಶಬ್ದ ಇಮ್ಮಡಿಯಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಅಂದರೆ ಹತ್ತುಪಟ್ಟು ಶಕ್ತಿ ಬೇಕು. ಮೇಲಿನ ದರ್ಜೆಯ ಮಾದರಿಯನ್ನು ಆರಿಸಲು ಒಳ್ಳೆಯ ಕಾರಣಗಳು ಇರಬಹುದು, 20 ವ್ಯಾಟ್ ಮಾತ್ರ ಆ ಪಟ್ಟಿಯಲ್ಲಿ ಸೇರುವುದಿಲ್ಲ.

ನನ್ನ ಸ್ಪೀಕರ್‌ಗಳು 4 ಓಮ್. ರಿಸೀವರ್ ತಾಳಿಕೊಳ್ಳುತ್ತದೆಯೇ?

8 ಓಮ್‌ಗೆ 100 ವ್ಯಾಟ್ ಕೊಡಲು ಆಂಪ್ಲಿಫೈಯರ್ 28.3 ವೋಲ್ಟ್ ಒತ್ತಡದಲ್ಲಿ 3.5 ಆಂಪಿಯರ್ ವಿದ್ಯುತ್ ಹರಿಸಬೇಕು. ಅದೇ ವೋಲ್ಟೇಜ್‌ನಲ್ಲಿ 4 ಓಮ್ ಸ್ಪೀಕರ್ 7 ಆಂಪಿಯರ್ ಎಳೆಯುತ್ತದೆ. ವೋಲ್ಟೇಜ್ ಕೊಡುವುದು ಸುಲಭ, ವಿದ್ಯುತ್ ಪ್ರವಾಹ ಕೊಡುವುದು ಕಷ್ಟ. ಟ್ರಾನ್ಸ್‌ಫಾರ್ಮರ್ ದಪ್ಪವಿರಬೇಕು, ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳು ಗಟ್ಟಿಯಿರಬೇಕು, ಬಿಸಿಯನ್ನು ಹೊರಹಾಕುವ ಹೀಟ್‌ಸಿಂಕ್ ದೊಡ್ಡದಿರಬೇಕು. ಕಾಗದದ ಮೇಲಿನ ಆದರ್ಶ ಆಂಪ್ಲಿಫೈಯರ್ 8 ಓಮ್‌ಗೆ 100 ಕೊಟ್ಟರೆ 4 ಓಮ್‌ಗೆ 200 ಕೊಡುತ್ತದೆ. ರಿಸೀವರ್‌ಗಳಲ್ಲಿ ಹಾಗೆ ನಡೆಯುವುದು ವಿರಳ. 8 ಓಮ್‌ನಿಂದ 4 ಓಮ್‌ಗೆ ಹೋದಾಗ ಅಂಕಿ ಎಷ್ಟು ಏರುತ್ತದೆ ಎಂಬುದು ನಿರ್ಮಾಣದ ಗುಣಮಟ್ಟಕ್ಕೆ ಹಿಡಿದ ಅತ್ಯಂತ ಪ್ರಾಮಾಣಿಕ ಕನ್ನಡಿ ಎಂಬುದು ನನ್ನ ಅನುಭವ. 4 ಓಮ್‌ನ ಅಂಕಿಯನ್ನೇ ಮುದ್ರಿಸದ ಕೈಪಿಡಿ ಮೌನದಲ್ಲೇ ಉತ್ತರ ಹೇಳಿರುತ್ತದೆ.

ಸ್ಪೀಕರ್‌ನ ಓಮ್ ಎಂಬುದೂ ಸ್ಥಿರವಾದ ಅಂಕಿಯಲ್ಲ. ಅದು ಆವರ್ತನದ ಜೊತೆ ಏರಿಳಿಯುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ ಮೌಲ್ಯ ಘೋಷಿತ ಅಂಕಿಯ ಶೇ 80ಕ್ಕಿಂತ ಕೆಳಗೆ ಹೋಗಬಾರದು, ಅಂದರೆ 8 ಓಮ್ ಎಂದು ಬರೆದದ್ದು 6.4ರವರೆಗೆ, 4 ಓಮ್‌ನದ್ದು 3.2ರವರೆಗೆ ಇಳಿಯಬಹುದು. ಈ ಮಿತಿಯನ್ನು ಎಲ್ಲರೂ ಪಾಲಿಸುವುದಿಲ್ಲ; ‘8 ಓಮ್’ ಎಂಬ ಹಣೆಪಟ್ಟಿ ಹೊತ್ತು ಬಾಸ್ ಭಾಗದಲ್ಲಿ 4ರ ಹತ್ತಿರಕ್ಕೆ ಇಳಿಯುವ ಸ್ಪೀಕರ್‌ಗಳೂ ಇವೆ. ಮಧ್ಯಮ ಮಟ್ಟದಲ್ಲಿ ಕೇಳುವವರಿಗೆ ಒಳ್ಳೆಯ ಮಧ್ಯಮ ದರ್ಜೆಯ ರಿಸೀವರ್ 4 ಓಮ್ ಸ್ಪೀಕರ್‌ಗಳನ್ನೂ ನಡೆಸುತ್ತದೆ. ಜೋರಾಗಿ ಕೇಳುವವರು, ದೊಡ್ಡ ಕೋಣೆಯಲ್ಲಿರುವವರು ಹೊರಗಿನ ಪವರ್ ಆಂಪ್ಲಿಫೈಯರ್ ಬಗ್ಗೆ ಯೋಚಿಸಬೇಕು.

ಮೆನುವಿನಲ್ಲಿರುವ 8 ಓಮ್ / 4 ಓಮ್ ಆಯ್ಕೆಯನ್ನು ಬದಲಿಸಬೇಕೇ?

ಆ ಆಯ್ಕೆ ಆಂಪ್ಲಿಫೈಯರ್‌ಗೆ ಹೊಸ ಬಲವನ್ನು ತುಂಬುವುದಿಲ್ಲ. ಬಹುತೇಕ ವಿನ್ಯಾಸಗಳಲ್ಲಿ ಅದು ಒಳಗಿನ ವೋಲ್ಟೇಜನ್ನು ತಗ್ಗಿಸುತ್ತದೆ ಅಥವಾ ಪ್ರವಾಹಕ್ಕೆ ಮಿತಿ ಹಾಕುತ್ತದೆ. ಸುರಕ್ಷತಾ ಪರೀಕ್ಷೆಯಲ್ಲಿ ಕಡಿಮೆ ಓಮ್‌ನ ಹೊರೆಯೊಂದಿಗೆ ಬಿಸಿ ಮಿತಿಯೊಳಗೆ ಇರಲಿ ಎಂಬುದು ಉದ್ದೇಶ. ಫಲವಾಗಿ ಕ್ಲಿಪಿಂಗ್, ಅಂದರೆ ತರಂಗದ ತಲೆ ಕತ್ತರಿಸಿಹೋಗುವುದು, ಇನ್ನೂ ಬೇಗ ಬರುತ್ತದೆ. ನಾನು 8ರಲ್ಲೇ ಬಿಟ್ಟಿದ್ದೇನೆ. ಕೈಪಿಡಿ ಕಡ್ಡಾಯವಾಗಿ ಬದಲಿಸಲು ಹೇಳಿದ್ದರೆ, ವಾರಂಟಿಯ ದೃಷ್ಟಿಯಿಂದ ಅದರ ಮಾತನ್ನು ಕೇಳುವುದೇ ಕ್ಷೇಮ.

ಭಾರವಾದ ರಿಸೀವರ್ ಒಳ್ಳೆಯದು ಎನ್ನುತ್ತಾರೆ. ತೂಕ ನೋಡಿ ಕೊಳ್ಳಬಹುದೇ?

ಸಾಂಪ್ರದಾಯಿಕ ವಿನ್ಯಾಸದಲ್ಲಿ ಒರಟು ಅಂದಾಜಿಗೆ ಇದು ಕೆಟ್ಟ ದಾರಿಯಲ್ಲ, ಏಕೆಂದರೆ ತೂಕದ ದೊಡ್ಡ ಪಾಲು ಟ್ರಾನ್ಸ್‌ಫಾರ್ಮರ್‌ನ ತಾಮ್ರ ಮತ್ತು ಕಬ್ಬಿಣದ್ದು, ನಂತರದ ಪಾಲು ಹೀಟ್‌ಸಿಂಕ್‌ನ ಅಲ್ಯೂಮಿನಿಯಂನದ್ದು. ಆರಂಭಿಕ ದರ್ಜೆಯವು 8–9 ಕಿಲೋ, ಮಧ್ಯಮ ದರ್ಜೆಯವು 10–14 ಕಿಲೋ, ಮೇಲಿನವು 18 ಕಿಲೋಗೂ ಹೆಚ್ಚು ತೂಗುತ್ತವೆ. ಒಂದೇ ತಯಾರಕರ ಎರಡು ಮಾದರಿಗಳ ನಡುವೆ ಹೆಸರು ಬದಲಾಗಿ, ಚಾನೆಲ್ ಹೆಚ್ಚಿ, ತೂಕ ಮಾತ್ರ ಹಾಗೇ ಉಳಿದಿದ್ದರೆ, ಹಳೆಯ ಟ್ರಾನ್ಸ್‌ಫಾರ್ಮರ್‌ಗೇ ಎರಡು ಬಾಯಿಗಳು ಹೆಚ್ಚಿಗೆ ಸೇರಿವೆ ಎಂದು ಊಹಿಸಬಹುದು.

ಸಪ್ಲೈನಲ್ಲಿ ವಿದ್ಯುತ್ತನ್ನು ಕ್ಷಣಕಾಲ ಕೂಡಿಡುವ ಕೆಪಾಸಿಟರ್‌ಗಳ ಬಗ್ಗೆ ಮಾತ್ರ ಅತಿಶಯದ ಮಾತುಗಳು ಬಹಳ. 10,000 ಮೈಕ್ರೋಫ್ಯಾರಡ್‌ನ ಎರಡು ಕೆಪಾಸಿಟರ್‌ಗಳು 55 ವೋಲ್ಟ್‌ನಲ್ಲಿ ಒಟ್ಟು 30 ಜೂಲ್‌ನಷ್ಟು ಶಕ್ತಿಯನ್ನು ಹಿಡಿದಿಡುತ್ತವೆ. ಸಪ್ಲೈನಿಂದ 150 ವ್ಯಾಟ್ ಎಳೆಯುತ್ತಿರುವ ಆಂಪ್ಲಿಫೈಯರ್‌ಗೆ ಅದು, ಪೂರ್ತಿ ಬರಿದು ಮಾಡಿದರೂ, ಒಂದು ಸೆಕೆಂಡಿನ ಐದನೇ ಒಂದು ಭಾಗದ ಬುತ್ತಿ. ವೋಲ್ಟೇಜ್ ಕುಸಿಯದಂತೆ ಬಳಸಬಹುದಾದದ್ದು ಅದರಲ್ಲೂ ಒಂದು ಸಣ್ಣ ಪಾಲು. ಮುಖ್ಯ ವಿದ್ಯುತ್ತಿನ ಎರಡು ಶಿಖರಗಳ ನಡುವಿನ 10 ಮಿಲಿಸೆಕೆಂಡನ್ನು ದಾಟಿಸುವುದು ಮತ್ತು ತಬಲೆಯ ಒಂದು ಪೆಟ್ಟಿನಂಥ ಕ್ಷಣಿಕ ಬೇಡಿಕೆಯನ್ನು ಪೂರೈಸುವುದು ಕೆಪಾಸಿಟರ್‌ನ ಕೆಲಸ. ಹತ್ತು ಸೆಕೆಂಡ್ ನಡೆಯುವ ಯುದ್ಧದ ದೃಶ್ಯವನ್ನು ಹೊರಬೇಕಾದದ್ದು ಟ್ರಾನ್ಸ್‌ಫಾರ್ಮರೇ.

ಗೋಡೆಯ ವಿದ್ಯುತ್ತೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸಾಮಾನ್ಯ ರಿಸೀವರ್‌ಗಳ ಸಪ್ಲೈ ವೋಲ್ಟೇಜನ್ನು ಸ್ಥಿರಗೊಳಿಸುವುದಿಲ್ಲವಾದ್ದರಿಂದ, ಮುಖ್ಯ ವೋಲ್ಟೇಜ್ ಶೇ 10 ಕುಸಿದರೆ ಗರಿಷ್ಠ ಶಕ್ತಿ ಸುಮಾರು ಶೇ 19 ಕುಸಿಯುತ್ತದೆ.

ಹಿಂಬದಿಯ ಫಲಕದಲ್ಲಿ ಬಳಕೆ 500 ವ್ಯಾಟ್ ಎಂದಿದೆ. ಹಾಗಿದ್ದರೆ 7×100 ವ್ಯಾಟ್ ಹೇಗೆ ಸಾಧ್ಯ?

ಇದನ್ನು ಹಿಡಿದು ‘ಮೋಸ ಸಿಕ್ಕಿತು’ ಎಂದು ಕೂಗುವವರಿದ್ದಾರೆ. ಆ ಫಲಕದ ಅಂಕಿ ಗರಿಷ್ಠ ಬಳಕೆಯದ್ದಲ್ಲ. ಸುರಕ್ಷತಾ ಮಾನದಂಡಗಳು ಬಳಕೆಯನ್ನು ಅಳೆಯುವುದು ಕ್ಲಿಪ್ ಆಗದ ಗರಿಷ್ಠ ಶಕ್ತಿಯ ಎಂಟನೇ ಒಂದು ಭಾಗದಲ್ಲಿ, ಏಕೆಂದರೆ ನಿಜವಾದ ಸಂಗೀತ ಮತ್ತು ಚಿತ್ರಗಳ ಸರಾಸರಿ ಅದಕ್ಕಿಂತ ಹೆಚ್ಚುವುದು ಕಡಿಮೆ. ಎಂಟನೇ ಒಂದು ಭಾಗದಲ್ಲಿ ದುಡಿಯುವ ಕ್ಲಾಸ್ ಎಬಿ (ಸಾಂಪ್ರದಾಯಿಕ ವಿನ್ಯಾಸದ) ಆಂಪ್ಲಿಫೈಯರ್‌ನ ದಕ್ಷತೆ ಶೇ 25–28ರಷ್ಟು ಮಾತ್ರ. ಉಳಿದದ್ದೆಲ್ಲ ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಆ ಅಂಕಿಯಿಂದ ಗರಿಷ್ಠ ಶಕ್ತಿಯನ್ನು ನೇರವಾಗಿ ಲೆಕ್ಕ ಹಾಕಲು ಬರುವುದಿಲ್ಲ.

ಕ್ಲಾಸ್ ಎಬಿ, ಜಿ, ಡಿ: ಯಾವುದು ಮೇಲು?

ಕ್ಲಾಸ್ ಎಬಿಯ ಸೈದ್ಧಾಂತಿಕ ಗರಿಷ್ಠ ದಕ್ಷತೆ ಶೇ 78.5ರ ಹತ್ತಿರ, ವ್ಯವಹಾರದಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಕ್ಲಾಸ್ ಜಿ ಎರಡು ವೋಲ್ಟೇಜ್ ಮಟ್ಟಗಳನ್ನು ಇಟ್ಟುಕೊಂಡು ಅಗತ್ಯ ಬಿದ್ದಾಗ ಮಾತ್ರ ಮೇಲಿನದಕ್ಕೆ ಜಿಗಿಯುತ್ತದೆ. ಆರ್ಕಾಮ್ ಇದನ್ನು ತನ್ನ ರಿಸೀವರ್‌ಗಳಲ್ಲಿ ಬಳಸಿದೆ. ಕ್ಲಾಸ್ ಡಿ ಟ್ರಾನ್ಸಿಸ್ಟರ್‌ಗಳನ್ನು ಸ್ವಿಚ್‌ನಂತೆ ಅತಿ ವೇಗವಾಗಿ ತೆರೆದು ಮುಚ್ಚುವುದರಿಂದ ಪೂರ್ಣ ಶಕ್ತಿಯಲ್ಲಿ ಶೇ 90ರ ಸುತ್ತಮುತ್ತಲ ದಕ್ಷತೆ ಪಡೆಯುತ್ತದೆ, ಆದ್ದರಿಂದ ಹೆಚ್ಚು ಚಾನೆಲ್‌ಗಳನ್ನು ಒಂದೇ ಪೆಟ್ಟಿಗೆಯಲ್ಲಿ ಬಿಸಿಯಾಗದಂತೆ ಕೂರಿಸಲು ಅದು ಸಹಜ ಆಯ್ಕೆ. ಪಯೋನಿಯರ್ ಹಿಂದೆಯೇ ತನ್ನ ಮೇಲಿನ ದರ್ಜೆಯ ಮಾದರಿಗಳಲ್ಲಿ ಈ ದಾರಿ ಹಿಡಿದಿತ್ತು. ಕ್ಲಾಸ್ ಡಿ ಮಾದರಿಗಳಿಗೆ, ವಿಶೇಷವಾಗಿ ಅವುಗಳೊಂದಿಗೆ ಭಾರದ ಟ್ರಾನ್ಸ್‌ಫಾರ್ಮರ್ ಬೇಡದ ಸ್ವಿಚಿಂಗ್ ಸಪ್ಲೈ ಇದ್ದರೆ, ಮೇಲೆ ಹೇಳಿದ ತೂಕದ ಸೂತ್ರ ಅನ್ವಯಿಸುವುದಿಲ್ಲ. ಧ್ವನಿಯ ದೃಷ್ಟಿಯಿಂದ, ಚೆನ್ನಾಗಿ ವಿನ್ಯಾಸ ಮಾಡಿದ ಮೂರೂ ಚೆನ್ನಾಗಿಯೇ ಇರುತ್ತವೆ.

ನಿರ್ಮಾಣದ ಗುಣಮಟ್ಟವನ್ನು ಹೊರಗಿನಿಂದ ಹೇಗೆ ಅಳೆಯುವುದು? ಯಾವ ಭಾಗ ಮೊದಲು ಕೆಡುತ್ತದೆ?

ಅಲ್ಯೂಮಿನಿಯಂ ಮುಖಫಲಕ, ಚಿನ್ನದ ಲೇಪದ ಸಾಕೆಟ್‌ಗಳು, ತಿರುಗಿಸಲು ಹಿತವೆನಿಸುವ ವಾಲ್ಯೂಮ್ ಗುಂಡಿ ಇವೆಲ್ಲ ಕಣ್ಣಿಗೆ ಮತ್ತು ಕೈಗೆ ಇರುವ ಸಂತೋಷಗಳು; ಬಾಳಿಕೆಗೂ ಅವಕ್ಕೂ ಹೆಚ್ಚಿನ ನಂಟಿಲ್ಲ. ನನ್ನ ಹಳೆಯ ರಿಸೀವರ್ ಏಳನೇ ವರ್ಷದಲ್ಲಿ ಚಿತ್ರ ತೋರಿಸುವುದನ್ನು ನಿಲ್ಲಿಸಿದಾಗ ಮುಚ್ಚಳ ತೆಗೆದು ನೋಡಿದೆ: ದಪ್ಪ ಟ್ರಾನ್ಸ್‌ಫಾರ್ಮರ್, ಆಂಪ್ಲಿಫೈಯರ್ ಬೋರ್ಡ್, ಎಲ್ಲವೂ ಹೊಸದರಂತೆ ಇದ್ದವು. ಸತ್ತಿದ್ದದ್ದು ಎಚ್‌ಡಿಎಂಐ ಬೋರ್ಡ್, ಅದೂ ಹೀಟ್‌ಸಿಂಕ್‌ನ ಪಕ್ಕದಲ್ಲೇ ಬಿಸಿಗಾಳಿಯಲ್ಲಿ ಕುಳಿತಿದ್ದದ್ದು. ಬಹುಚಾನೆಲ್ ರಿಸೀವರ್‌ಗಳ ಕಥೆ ಹೆಚ್ಚಾಗಿ ಹೀಗೆಯೇ ಮುಗಿಯುತ್ತದೆ. ಡಿಜಿಟಲ್ ಚಿಪ್‌ಗಳ ಕೆಳಗಿನ ಸೂಕ್ಷ್ಮ ಬೆಸುಗೆಗಳು ದಿನವೂ ಬಿಸಿಯಾಗಿ ತಣ್ಣಗಾಗುವ ಚಕ್ರದಲ್ಲಿ ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತವೆ; ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳ ಒಳಗಿನ ದ್ರವ ನಿಧಾನವಾಗಿ ಒಣಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಆ ಕೆಪಾಸಿಟರ್‌ಗಳ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ಎಂಜಿನಿಯರ್‌ಗಳು ಬಳಸುವ ರೂಢಿಯ ಲೆಕ್ಕ. 85 ಡಿಗ್ರಿಯ ಬದಲು 105 ಡಿಗ್ರಿಯ ಕೆಪಾಸಿಟರ್‌ಗಳನ್ನು ಹಾಕಿದ್ದರೆ ಅದು ತಯಾರಕರು ತೆಗೆದುಕೊಂಡ ಕಾಳಜಿಯ ಗುರುತು.

ಅಂಗಡಿಯಲ್ಲಿ ನೋಡಬಹುದಾದದ್ದು ಇಷ್ಟು: ಜಾಲರಿಯ ಮೂಲಕ ಹೀಟ್‌ಸಿಂಕ್ ಅಗಲವಾಗಿ, ರೆಕ್ಕೆಗಳು ಒತ್ತೊತ್ತಾಗಿ ಕಾಣುತ್ತವೆಯೇ, ಅಥವಾ ಬಾಗಿಸಿದ ತೆಳು ತಗಡೇ? ಕೆಳಗಿನ ತಟ್ಟೆ ಬಾಗದಷ್ಟು ಗಟ್ಟಿಯಿದೆಯೇ? ಡಿಜಿಟಲ್ ಬೋರ್ಡ್ ಹೀಟ್‌ಸಿಂಕ್‌ನಿಂದ ದೂರವಿದೆಯೇ? ಸ್ಪೀಕರ್ ಸಾಕೆಟ್‌ಗಳು ಅಲುಗಾಡದೆ ನಿಂತಿವೆಯೇ? ಇವಕ್ಕಿಂತ ಹೆಚ್ಚು ಮಾತಾಡುವುದು ವಾರಂಟಿಯ ಅವಧಿ.

ಎಷ್ಟು ಗಾಳಿ ಬೇಕು?

ಮೇಲ್ಭಾಗದಲ್ಲಿ ಕನಿಷ್ಠ 10–15 ಸೆಂಟಿಮೀಟರ್ ಖಾಲಿ ಇರಲಿ, ಹಿಂಬದಿ ತೆರೆದಿರಲಿ, ರಿಸೀವರ್ ಮೇಲೆ ಬೇರೆ ಪೆಟ್ಟಿಗೆಯನ್ನು ಹೇರಬೇಡಿ. ಮುಚ್ಚಿದ ಕಪಾಟಿನಲ್ಲಿ ಇಡಲೇಬೇಕಾದರೆ ಸದ್ದಿಲ್ಲದ ನಿಧಾನ ಫ್ಯಾನ್ ಹಾಕಿ.

ಹೊರಗಿನ ಪವರ್ ಆಂಪ್ಲಿಫೈಯರ್ ಜೋಡಿಸಿದರೆ ಪ್ರಯೋಜನವಿದೆಯೇ?

ಮೂರು ಸಂದರ್ಭಗಳಲ್ಲಿ ಖಂಡಿತ ಇದೆ: ಸ್ಪೀಕರ್‌ನ ಸಂವೇದನೆ ಕಡಿಮೆಯಿದ್ದು ಕೋಣೆ ದೊಡ್ಡದಾಗಿದ್ದರೆ, ಸ್ಪೀಕರ್ 4 ಓಮ್‌ನದ್ದಾಗಿದ್ದರೆ, ಅಥವಾ ರಿಸೀವರ್ ಮುಟ್ಟಲಾರದಷ್ಟು ಬಿಸಿಯಾಗುತ್ತಿದ್ದರೆ. ಮುಂದಿನ ಮೂರು ಚಾನೆಲ್‌ಗಳನ್ನು ಹೊರಗೆ ಕಳುಹಿಸಿದರೂ ಸಾಕು. ರಿಸೀವರ್‌ನ ಸಪ್ಲೈ ಮೇಲಿನ ಒತ್ತಡ ಗಣನೀಯವಾಗಿ ತಗ್ಗಿ, ಉಳಿದ ಚಾನೆಲ್‌ಗಳಿಗೂ ಉಸಿರಾಡಲು ಜಾಗ ಸಿಗುತ್ತದೆ. ಇದಕ್ಕಾಗಿ ರಿಸೀವರ್‌ನಲ್ಲಿ ಪ್ರಿ-ಔಟ್ (ಒಳಗಿನ ಆಂಪ್ಲಿಫೈಯರ್‌ಗೆ ಮೊದಲಿನ ಸಂಕೇತವನ್ನು ಹೊರಗೆ ಕೊಡುವ) ಸಾಕೆಟ್‌ಗಳಿರಬೇಕು, ಅವು ಆರಂಭಿಕ ದರ್ಜೆಯಲ್ಲಿ ಸಾಮಾನ್ಯವಾಗಿ ಸಬ್‌ವೂಫರ್‌ಗೆ ಮಾತ್ರ ಇರುತ್ತವೆ.

ಜೋಡಿಸುವ ಮೊದಲು ಗೇನ್ ಲೆಕ್ಕವನ್ನು ನೋಡಿಕೊಳ್ಳಿ. ಪವರ್ ಆಂಪ್ಲಿಫೈಯರ್‌ನ ಗೇನ್ 29 ಡೆಸಿಬೆಲ್ ಆಗಿದ್ದರೆ ಅದು ವೋಲ್ಟೇಜನ್ನು ಸುಮಾರು 28 ಪಟ್ಟು ಹಿಗ್ಗಿಸುತ್ತದೆ: 1 ವೋಲ್ಟ್ ಒಳಹೋದರೆ 8 ಓಮ್‌ಗೆ 100 ವ್ಯಾಟ್, 1.4 ವೋಲ್ಟ್ ಹೋದರೆ 200 ವ್ಯಾಟ್, 300 ವ್ಯಾಟ್‌ಗೆ 1.7 ವೋಲ್ಟ್‌ಗಿಂತ ತುಸು ಹೆಚ್ಚು. ಕೆಲವು ರಿಸೀವರ್‌ಗಳ ಪ್ರಿ-ಔಟ್ 1.5 ವೋಲ್ಟ್ ದಾಟುತ್ತಿದ್ದಂತೆ ವಿಕೃತಿ ತೋರಿಸಲು ಆರಂಭಿಸುತ್ತದೆ. ಅಂಥದ್ದಕ್ಕೆ ಕಡಿಮೆ ಗೇನ್‌ನ 300 ವ್ಯಾಟ್ ಆಂಪ್ಲಿಫೈಯರ್ ಜೋಡಿಸಿದರೆ ಆ ಶಕ್ತಿಯ ಮೇಲಿನ ಅರ್ಧ ನಿಮಗೆ ಎಂದೂ ಶುದ್ಧವಾಗಿ ಸಿಗುವುದಿಲ್ಲ. ಒಳಗಿನ ಆಂಪ್ಲಿಫೈಯರ್‌ಗಳ ಸಂಪರ್ಕವನ್ನು ಕಡಿದುಹಾಕುವ ಸೌಲಭ್ಯ ಮೆನುವಿನಲ್ಲಿದ್ದರೆ ಬಳಸಿ.

ಇಷ್ಟಾದರೂ, 90 ವ್ಯಾಟ್‌ನಲ್ಲಿ ಕ್ಲಿಪ್ ಆಗದೆ ನಡೆಯುತ್ತಿದ್ದ ಸುಲಭದ ಸ್ಪೀಕರ್‌ಗೆ 200 ವ್ಯಾಟ್ ಕೊಟ್ಟರೆ ‘ಪರದೆ ಸರಿದಂತೆ’ ಧ್ವನಿ ಬದಲಾಗುತ್ತದೆ ಎಂಬ ವರ್ಣನೆಗಳನ್ನು ನಾನು ನಂಬುವುದಿಲ್ಲ.

ಕಡಿಮೆ ಶಕ್ತಿಯ ಆಂಪ್ಲಿಫೈಯರ್ ಟ್ವೀಟರ್ (ಸ್ಪೀಕರ್‌ನಲ್ಲಿ ಮೇಲಿನ ಆವರ್ತನಗಳನ್ನು ನುಡಿಸುವ ಭಾಗ) ಸುಡುತ್ತದೆ ಎಂಬುದು ನಿಜವೇ?

ಅರ್ಧ ನಿಜ. ಕಡಿಮೆ ಶಕ್ತಿ ತಾನಾಗಿ ಏನನ್ನೂ ಸುಡುವುದಿಲ್ಲ. ಆಂಪ್ಲಿಫೈಯರ್ ತನ್ನ ಮಿತಿ ದಾಟಿದ ಮೇಲೂ ವಾಲ್ಯೂಮ್ ಏರಿಸುತ್ತಾ ಹೋದರೆ ಬಾಸ್‌ನ ಶಿಖರಗಳು ಕತ್ತರಿಸಿಹೋಗುತ್ತವೆ, ಆದರೆ ಮೇಲಿನ ಆವರ್ತನಗಳ ಮಟ್ಟ ಏರುತ್ತಲೇ ಇರುತ್ತದೆ. ಜೊತೆಗೆ ಸೈನ್ ತರಂಗ ಪೂರ್ತಿ ಚೌಕವಾದರೆ ಅದೇ ಶಿಖರಕ್ಕೆ ಸರಾಸರಿ ಶಕ್ತಿ ಇಮ್ಮಡಿಯಾಗುತ್ತದೆ. ಟ್ವೀಟರ್ ತಾಳಿಕೊಳ್ಳುವ ನಿರಂತರ ಶಕ್ತಿ ಕೆಲವೇ ವ್ಯಾಟ್‌ಗಳಾದ್ದರಿಂದ ಅದು ಮೊದಲು ಬಲಿಯಾಗುತ್ತದೆ. ಕೈ ಮಿತಿಯಲ್ಲಿದ್ದರೆ 50 ವ್ಯಾಟ್‌ನ ಆಂಪ್ಲಿಫೈಯರ್ ಕೂಡ ನಿರಪಾಯಕಾರಿ.

ಕೋಣೆ ತಿದ್ದುಪಡಿ ಮಾಡುವ ತಂತ್ರಾಂಶ ಶಕ್ತಿಯನ್ನು ತಿನ್ನುತ್ತದೆಯೇ?

ತಿನ್ನುತ್ತದೆ, ಮತ್ತು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವವರು ಕಡಿಮೆ. ಕೋಣೆಯ ಧ್ವನಿಯನ್ನು ಮೈಕ್‌ನಿಂದ ಅಳೆದು ಸರಿಪಡಿಸುವ ಆಡಿಸ್ಸಿ, ಡಿರಾಕ್‌ನಂಥ ವ್ಯವಸ್ಥೆಗಳು ಯಾವುದೋ ಆವರ್ತನದ ತಗ್ಗನ್ನು ತುಂಬಲು 6 ಡೆಸಿಬೆಲ್ ಎತ್ತಿದರೆ ಆ ಜಾಗದಲ್ಲಿ ನಾಲ್ಕುಪಟ್ಟು ಶಕ್ತಿ ಬೇಕು, 9 ಡೆಸಿಬೆಲ್‌ಗೆ ಎಂಟುಪಟ್ಟು. ತಗ್ಗು ಗೋಡೆಯ ಪ್ರತಿಫಲನದಿಂದ ಹುಟ್ಟಿದ್ದಾದರೆ ಎಷ್ಟು ಸುರಿದರೂ ಅದು ತುಂಬುವುದಿಲ್ಲ. ಸ್ಪೀಕರನ್ನು ಒಂದಡಿ ಸರಿಸುವುದು ಅದಕ್ಕಿಂತ ಅಗ್ಗದ ಪರಿಹಾರ.

ಉಳಿದ ಚಾನೆಲ್‌ಗಳನ್ನು ಬಳಸಿ ಬೈ-ಆಂಪ್ ಮಾಡಲೇ (ಒಂದೇ ಸ್ಪೀಕರ್‌ಗೆ ಎರಡು ಆಂಪ್ಲಿಫೈಯರ್ ಜೋಡಿಸಲೇ)? ತಂತಿ ಎಷ್ಟು ದಪ್ಪ ಬೇಕು?

ಬೈ-ಆಂಪ್ ಬೇಡ, ಎರಡು ಆಂಪ್ಲಿಫೈಯರ್‌ಗಳೂ ಅದೇ ಸಪ್ಲೈನಿಂದ ಎಳೆಯುವುದರಿಂದ ಗಳಿಕೆ ನಗಣ್ಯ. ತಂತಿಗೆ 2.5 ಚದರ ಮಿಲಿಮೀಟರ್ ತಾಮ್ರ ಸಾಕು. 10 ಮೀಟರ್ ದೂರಕ್ಕೆ ಹೋಗಿ ಬರುವ ದಾರಿಯ ಒಟ್ಟು ರೋಧ 0.14 ಓಮ್ ಆಗುತ್ತದೆ, 8 ಓಮ್‌ನ ಮುಂದೆ ಅದು ಲೆಕ್ಕಕ್ಕಿಲ್ಲ.

ಹಳೆಯ ಭಾರಿ ಮಾದರಿ ಕಡಿಮೆ ಬೆಲೆಗೆ ಸಿಗುತ್ತಿದೆ. ಹೊಸ ಹಗುರ ಮಾದರಿಗಿಂತ ಅದೇ ಮೇಲಲ್ಲವೇ?

ಆಂಪ್ಲಿಫೈಯರ್ ಆಗಿ ಮೇಲೇ ಇರಬಹುದು. ಹತ್ತು ಹದಿನೈದು ವರ್ಷ ಹಿಂದಿನ 20 ಕಿಲೋ ತೂಕದ ರಿಸೀವರ್‌ನ ಶಕ್ತಿ ವಿಭಾಗಕ್ಕೆ ಇಂದಿನ ಮಧ್ಯಮ ದರ್ಜೆಯದ್ದು ಸಾಟಿಯಲ್ಲ. ಆದರೆ ಅದರ ಎಚ್‌ಡಿಎಂಐ ಇಂದಿನ ಚಿತ್ರಸಂಕೇತಗಳನ್ನು ಹಾಯಿಸುವುದಿಲ್ಲ, 2014ರಲ್ಲಿ ಮನೆಗಳಿಗೆ ಬಂದ ಡಾಲ್ಬಿ ಅಟ್ಮಾಸ್ (ತಲೆಯ ಮೇಲಿನಿಂದಲೂ ಧ್ವನಿ ಕೇಳಿಸುವ ವ್ಯವಸ್ಥೆ) ಅದರಲ್ಲಿ ಇರಲಿಕ್ಕಿಲ್ಲ, ಕೆಪಾಸಿಟರ್‌ಗಳಿಗೂ ವಯಸ್ಸಾಗಿರುತ್ತದೆ. ಹಿಂಬದಿಯಲ್ಲಿ ಬಹುಚಾನೆಲ್ ಅನಲಾಗ್ ಇನ್‌ಪುಟ್ ಇದೆಯೇ ನೋಡಿ. ಇದ್ದರೆ, ಪ್ರಿ-ಔಟ್ ಇರುವ ಹೊಸ ಹಗುರ ರಿಸೀವರನ್ನು ಮುಂದೆ ಇಟ್ಟು, ಹಳೆಯದನ್ನು ಕೇವಲ ಪವರ್ ಆಂಪ್ಲಿಫೈಯರ್ ಆಗಿ ದುಡಿಸಬಹುದು. ಹಳೆಯದರ ವಾಲ್ಯೂಮನ್ನು ಒಂದು ಮಟ್ಟದಲ್ಲಿ ನಿಲ್ಲಿಸಿ, ಆಮೇಲೆ ಹೊಸದರ ಮೈಕ್‌ನಿಂದ ಮಟ್ಟಗಳನ್ನು ಅಳೆಸಿ, ಮುಂದೆ ಆ ಗುಂಡಿಯನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಬೇಕು.